ಸತ್ತ ಸಿಗಡಿ ತಂದರೆ ಪಿಸಿಆರ್ ಏನು ಮಾಡೀತು?

ಸಾಕಿದ ಮೀನು, ಸಿಗಡಿ, ಚಿಪ್ಪುಮೀನುಗಳಿಗೆ ಬರುವ ರೋಗಗಳ ಬಗ್ಗೆ ಸ್ನಾತಕೋತ್ತರ ಓದು ಓದುವವರು ಈಗ ಜಾಸ್ತಿಯಾಗಿದ್ದಾರೆ. ಸಂತೋಷ. ಆದರೆ ಪ್ರತಿ ವರ್ಷ ಯಾರಾದರೊಬ್ಬರು ನಾಲ್ಕನೇ ಸೆಮಿಸ್ಟರಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಸಪ್ಪೆ ಮುಖ ಹಾಕಿಕೊಂಡು ಕೂತಿರುತ್ತಾರೆ. ಸ್ಲೈಡಿನಲ್ಲಿ ರೋಗ ಇರುವುದಿಲ್ಲ, ಬರೀ ಕೊಳೆತ ಮಾಂಸ ಇರುತ್ತದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೀಟು. ಮೀನುಗಾರಿಕಾ ವಿಜ್ಞಾನದ ನಾಲ್ಕು ವರ್ಷದ ಪದವಿ ಬಿ.ಎಫ್.ಎಸ್ಸಿ ಮುಗಿಸಿ, ಪ್ರವೇಶ ಪರೀಕ್ಷೆ ಬರೆದು, ಎರಡು ವರ್ಷದ ಎಂ.ಎಫ್.ಎಸ್ಸಿಗೆ ಸೇರುವುದು ನಮ್ಮಲ್ಲಿ ನೇರ ದಾರಿ. ಕೇಳಬೇಕಾದ ವಿಭಾಗದ ಹೆಸರು ‘ಜಲಚರ ಆರೋಗ್ಯ ನಿರ್ವಹಣೆ’. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ, ಮುಂಬೈಯ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ ಇದೆ. ಹೊರದೇಶದ ಆಸೆಯಿದ್ದರೆ ಬೆಲ್ಜಿಯಂನ ಘೆಂಟ್, ಸ್ಕಾಟ್ಲೆಂಡಿನ ಸ್ಟರ್ಲಿಂಗ್ ನೋಡಿ. ನನ್ನನ್ನು ಕೇಳಿದರೆ ಕೊಳ ಹತ್ತಿರ ಇರುವ ಕಾಲೇಜೇ ಒಳ್ಳೆಯದು.

ಮೊದಲ ವರ್ಷ ಸೂಕ್ಷ್ಮಜೀವಿಶಾಸ್ತ್ರ, ಅಂಗಾಂಶ, ರೋಗನಿರೋಧಕ ಶಕ್ತಿ ಅಂತ ಪಾಠ ನಡೆಯುತ್ತದೆ. ಓದಿದರಾಯಿತು. ನೀರಿನ ಪಾಠವನ್ನು ಮಾತ್ರ ಸುಮ್ನೆ ಹಾರಿಸಬೇಡಿ. ಬೆಳಗಿನ ಜಾವ ಐದಕ್ಕೆ ಕೊಳದ ಬಳಿ ನಿಂತು ನೋಡಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮೊದಲು ಆಮ್ಲಜನಕ ಅಳೆಯಿರಿ. ಎಷ್ಟೋ ‘ರೋಗ’ಗಳು ಏರೇಟರ್ ಹಾಕಿದ ಕೂಡಲೇ ವಾಸಿಯಾಗುತ್ತವೆ!

ಆಮೇಲೆ ಥೀಸಿಸ್ ವಿಷಯ. ಎಲ್ಲರೂ ಬಿಳಿ ಚುಕ್ಕೆ ರೋಗದ ವೈರಸ್ಸಿಗೇ ಹೋಗುತ್ತಾರೆ. 90ರ ದಶಕದಲ್ಲಿ ಟೈಗರ್ ಸಿಗಡಿ ಸಾಕಿದವರನ್ನು ಮುಳುಗಿಸಿದ ರೋಗ ಅದು, ಹೆಸರಿದೆ. ಆದರೆ ನೀವು ಇಎಚ್‌ಪಿ ತೆಗೆದುಕೊಳ್ಳಿ. 2009ರಲ್ಲಿ ಸರ್ಕಾರ ಹೊರದೇಶದ ವನ್ನಾಮಿ ಸಿಗಡಿಗೆ ಒಪ್ಪಿಗೆ ಕೊಟ್ಟ ಮೇಲೆ ಬೆಳೆದ ಕೃಷಿಗೆ ಈಗ ಕಾಟ ಕೊಡುತ್ತಿರುವುದು ಈ ಕಣ್ಣಿಗೆ ಕಾಣದ ಪರಾವಲಂಬಿ. ಇದು ಒಂದೇ ಏಟಿಗೆ ಕೊಲ್ಲುವುದಿಲ್ಲ, ಬೆಳವಣಿಗೆಯನ್ನು ಕುಂಠಿಸುತ್ತದೆ. ಒಂದೇ ಕೊಳದಲ್ಲಿ ದೊಡ್ಡದು ಚಿಕ್ಕದು ಬೆರೆತಿರುತ್ತವೆ. ರೈತ ತಿಂಡಿ ಸುರಿಯುತ್ತಲೇ ಇರುತ್ತಾನೆ.

ಈಗ ಮಾದರಿ ತೆಗೆಯುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ.

ಸತ್ತು ತೇಲುತ್ತಿರುವ ಸಿಗಡಿಯನ್ನು ಮುಟ್ಟಬೇಡಿ. ಅದರ ತಲೆಯೊಳಗೆ ಹೆಪಟೋಪ್ಯಾಂಕ್ರಿಯಾಸ್ ಅಂತ ಜೀರ್ಣಗ್ರಂಥಿ ಇದೆ. ಜೀವ ಹೋದ ಕೂಡಲೇ ಅದರ ರಸ ಅದನ್ನೇ ಕರಗಿಸಲು ಶುರು ಮಾಡುತ್ತದೆ. ಇಎಚ್‌ಪಿ ಕೂತಿರುವುದು ಅದೇ ಗ್ರಂಥಿಯಲ್ಲಿ. ಆದ್ದರಿಂದ ಜೀವ ಇದ್ದೂ ಸೋತು ದಡಕ್ಕೆ ಬಂದಿರುವುದನ್ನು ಹಿಡಿಯಿರಿ. ಪಕ್ಕದ ಚೆನ್ನಾಗಿರುವ ಕೊಳದಿಂದಲೂ ಕೆಲವನ್ನು ತನ್ನಿ, ಹೋಲಿಸಲು ಬೇಕು.

ಎಷ್ಟು ಹಿಡಿಯಬೇಕು? ರೋಗ ಎದ್ದು ಕಾಣುತ್ತಿದ್ದರೆ ಹತ್ತು ಸಾಕು. ಕಾಣದ ರೋಗ ಹುಡುಕುವುದಾದರೆ ಲೆಕ್ಕ ಬೇರೆ. ದೊಡ್ಡ ಕೊಳದಲ್ಲಿ ನೂರಕ್ಕೆ ಎರಡಕ್ಕೆ ಮಾತ್ರ ಸೋಂಕಿದ್ದರೂ ಸಿಕ್ಕಬೇಕು ಅಂದರೆ 150 ಬೇಕು, ನೂರಕ್ಕೆ ಹತ್ತಕ್ಕಿದ್ದರೆ 30 ಸಾಕು. ಇಷ್ಟು ಹಿಡಿದರೂ ನಂಬಿಕೆ ಶೇ 95 ಮಾತ್ರ.

ಸ್ಲೈಡಿಗೆ ಹೋಗುವ ಸಿಗಡಿಗೆ, ಅಂಗಾಂಶ ಕೊಳೆಯದಂತೆ ಹಿಡಿದಿಡುವ ಡೇವಿಡ್ಸನ್ ದ್ರಾವಣ ಬೇಕು. ಒಂದು ಲೀಟರಿಗೆ 330 ಮಿ.ಲೀ. ಶೇ 95ರ ಎಥೆನಾಲ್, 220 ಫಾರ್ಮಲಿನ್, 115 ಗ್ಲೇಷಿಯಲ್ ಅಸಿಟಿಕ್ ಆಮ್ಲ, 335 ನೀರು. ಫಾರ್ಮಲಿನ್ ಬಾಟಲಿಯ ತಳದಲ್ಲಿ ಬಿಳಿ ಗಸಿ ಕಂಡರೆ ಅದನ್ನು ಬಳಸಬೇಡಿ. ಬರೀ ಮುಳುಗಿಸಿದರೆ ಸಾಲದು, ಚಿಪ್ಪು ದಾಟಿ ದ್ರಾವಣ ಒಳಗೆ ಹೋಗುವುದಿಲ್ಲ. ಜೀವ ಇರುವಾಗಲೇ ಸಿರಿಂಜಿನಿಂದ ಮೊದಲು ಜೀರ್ಣಗ್ರಂಥಿಗೆ, ಆಮೇಲೆ ತಲೆಯ ಹಿಂದಿನ ಮಾಂಸದ ಭಾಗಕ್ಕೆ ಚುಚ್ಚಿ. ನಂತರ ಕತ್ತರಿಯಲ್ಲಿ ಬಾಲದ ಕಡೆಯಿಂದ ತಲೆಯವರೆಗೆ ಚಿಪ್ಪು ಸೀಳಿ. ದ್ರಾವಣ ಮಾಂಸದ ಹತ್ತು ಪಟ್ಟು ಇರಲಿ. ಗಾತ್ರ ನೋಡಿಕೊಂಡು ಒಂದರಿಂದ ಮೂರು ದಿನ ಬಿಟ್ಟು, ಶೇ 70ರ ಆಲ್ಕೋಹಾಲಿಗೆ ವರ್ಗಾಯಿಸಿ. ಮೀನಿಗಾದರೆ ಶೇ 10ರ ಬಫರ್ಡ್ ಫಾರ್ಮಲಿನ್.

ಪಿಸಿಆರ್‌ಗೆ, ಅಂದರೆ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆಗೆ, ಬೇರೆ ಬಾಟಲಿ. ನಾನು ಮೊದಲ ಸಲ ಎಲ್ಲವನ್ನೂ ಡೇವಿಡ್ಸನ್‌ಗೇ ಹಾಕಿಬಿಟ್ಟೆ. ಒಂದು ವಾರ ಬಿಟ್ಟು ನೋಡಿದರೆ ಆಮ್ಲ ಡಿಎನ್‌ಎಯನ್ನು ಚೂರುಚೂರು ಮಾಡಿತ್ತು. ಎರಡು ತಿಂಗಳ ಓಡಾಟ ನೀರುಪಾಲು. ಪಿಸಿಆರ್ ಮಾದರಿ ಶೇ 95ರ ಎಥೆನಾಲಿಗೆ ಹೋಗಬೇಕು. ಅಂಗಡಿಯ ಸ್ಪಿರಿಟ್, ಕೋವಿಡ್ ಕಾಲದ ಉಳಿಕೆ ಸ್ಯಾನಿಟೈಸರ್ ಬೇಡ. ನಗಬೇಡಿ, ತಂದವರಿದ್ದಾರೆ.

ಯಾವ ಅಂಗ ಅನ್ನುವುದೂ ಮುಖ್ಯ. ಇಎಚ್‌ಪಿಗೆ ಜೀರ್ಣಗ್ರಂಥಿ, ಇಲ್ಲವೇ ಹಿಕ್ಕೆ. ಬಿಳಿ ಚುಕ್ಕೆಗೆ ಈಜುಕಾಲು ಅಥವಾ ಕಿವಿರು. ತಲೆ ಹಾಕುವುದಾದರೆ ಕಣ್ಣು ಕತ್ತರಿಸಿ ಬಿಸಾಡಿ, ಅದರಲ್ಲಿ ಪಿಸಿಆರ್ ತಡೆಯುವ ಅಂಶ ಇದೆ. ಕಣ್ಣು ಬೀಳುವುದು ಅಂದರೆ ಇದೇ ಅಲ್ವಾ!

ಬ್ಯಾಕ್ಟೀರಿಯಾ ಬೆಳೆಸುವುದಾದರೆ ಯಾವ ದ್ರಾವಣವೂ ಬೇಡ. ಜೀವಂತ ತನ್ನಿ, ಆಗದಿದ್ದರೆ ಐಸ್ ಮೇಲಿಟ್ಟು ಅದೇ ದಿನ ತಲುಪಿಸಿ. ಫ್ರೀಜರಿಗೆ ಹಾಕಬೇಡಿ.

ಹೆಸರನ್ನು ಪೆನ್ಸಿಲಿನಲ್ಲಿ ಬರೆದು ಚೀಟಿಯನ್ನು ಬಾಟಲಿಯ ಒಳಗೇ ಹಾಕಿ. ಎಥೆನಾಲ್ ತಾಗಿದರೆ ಪೆನ್ನಿನ ಶಾಯಿ ಹರಿದುಹೋಗುತ್ತದೆ. ಯಾವ ಬಾಟಲಿ ಕುಮಟಾದ್ದು, ಯಾವುದು ಕುಂದಾಪುರದ್ದು ಅಂತ ಆಮೇಲೆ ದೇವರೇ ಹೇಳಬೇಕು.

ಲ್ಯಾಬಿನ ಕೆಲಸ ಇದರ ಮುಂದೆ ಸುಲಭ. ಪ್ರತಿ ಸಲವೂ ಪಾಸಿಟಿವ್, ನೆಗೆಟಿವ್ ಕಂಟ್ರೋಲ್ ಎರಡನ್ನೂ, ಅಂದರೆ ರೋಗಾಣು ಇದೆ ಅಂತ ಗೊತ್ತಿರುವುದೊಂದು, ಇಲ್ಲ ಅಂತ ಗೊತ್ತಿರುವುದೊಂದು, ಜೊತೆಗೆ ಓಡಿಸಿ. ಪಿಸಿಆರ್ ಪಾಸಿಟಿವ್ ಬಂದರೆ ರೋಗಾಣು ಇದೆ ಅಂತಷ್ಟೇ ಅರ್ಥ. ಕಾಯಿಲೆ ಅದರಿಂದಲೇ ಬಂತೇ ಅನ್ನುವುದನ್ನು ಸ್ಲೈಡ್ ನೋಡಿ ಹೇಳಿ.

ಮಾದರಿ ತೆಗೆಯುವಾಗ ರೈತರು ಔಷಧಿ ಕೇಳುತ್ತಾರೆ. ಬ್ಯಾಕ್ಟೀರಿಯಾದ ಹೆಸರು, ಎಣಿಕೆ ಏನೂ ಇಲ್ಲದ ‘ಪ್ರೊಬಯಾಟಿಕ್’ ಡಬ್ಬಿಗಳನ್ನು ತೋರಿಸುತ್ತಾರೆ. ಬೇಡ ಅನ್ನಿ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ನಿಷೇಧವಾಗಿವೆ, ಅದನ್ನೂ ಹೇಳಿ. 2023ರಲ್ಲಿ ಕೇಂದ್ರ ಸರ್ಕಾರ ತಂದ ‘ರಿಪೋರ್ಟ್ ಫಿಶ್ ಡಿಸೀಸ್’ ಆ್ಯಪನ್ನು ಅವರ ಫೋನಿಗೆ ಹಾಕಿಕೊಡಿ. ಫಲಿತಾಂಶ ಬಂದ ದಿನವೇ ಅವರಿಗೂ ಫೋನ್ ಮಾಡಿ. ಥೀಸಿಸ್ ಮುಗಿಯಲಿ ಅಂತ ಕಾದರೆ ಅಷ್ಟರಲ್ಲಿ ಅವರ ಬೆಳೆ ಮುಗಿದಿರುತ್ತದೆ. ಮತ್ತೆ ಆ ಕೊಳಕ್ಕೆ ಬಲೆ ಹಿಡಿದು ಹೋದರೆ ಬಿಡುವುದೂ ಇಲ್ಲ.