ಮಲೆನಾಡಿನ ಮಳೆಯಲ್ಲಿ ಸಿಂಕೋನಾ: ನನ್ನ ಅನುಭವ

ಮಲೇರಿಯಾದ ಮದ್ದು ಕ್ವಿನೈನ್ ಸಿಗುವುದು ಸಿಂಕೋನಾ ಮರದ ತೊಗಟೆಯಿಂದ. ಆ ಮರ ನಮ್ಮ ಮಳೆಗೆ ನಿಲ್ಲುವುದಿಲ್ಲ ಎಂದು ಹೇಳದ ಬೆಳೆಗಾರರು ನನ್ನ ಸುತ್ತಮುತ್ತ ಒಬ್ಬರೂ ಇರಲಿಲ್ಲ. ಈಗ ಚಿಕ್ಕಮಗಳೂರಿನ ಬೆಟ್ಟದ ಸಾಲಿನಲ್ಲಿ, ನಾಲ್ಕು ಸಾವಿರದ ಚಿಲ್ಲರೆ ಅಡಿ ಎತ್ತರದ ನನ್ನ ಕಾಫಿ ತೋಟದ ಮೇಲ್ತುದಿಯಲ್ಲಿ ಎಂಬತ್ತು–ತೊಂಬತ್ತು ಮರಗಳು ನಿಂತಿವೆ. ಅರ್ಧದಷ್ಟು ಲೆಡ್ಜೆರಿಯಾನಾ. ಕ್ವಿನೈನ್ ಹೆಚ್ಚಿರುವ, ಎಲ್ಲರೂ ಕೈಬಿಡುವ ಹಟಮಾರಿ ತಳಿ ಅದು.

ಮಡಿ ಮಾಡುವುದು, ಚಪ್ಪರ ಕಟ್ಟುವುದು ನಿಮಗೆ ಗೊತ್ತಿರುವುದೇ. ಕಾಫಿ ನರ್ಸರಿಯ ಅಭ್ಯಾಸ ಇಲ್ಲಿ ಕೈಕೊಡುವುದು ಬೀಜದ ಹಂತದಲ್ಲಿ. ಸಿಂಕೋನಾ ಬೀಜ ರೆಕ್ಕೆ ಇರುವ ಹೊಟ್ಟಿನಂತಿರುತ್ತದೆ. ಒಂದು ಗ್ರಾಂಗೆ ಮೂರು ಸಾವಿರದ ಆಚೀಚೆ. ಮೇಲೆ ಮಣ್ಣು ಮುಚ್ಚುವಂತಿಲ್ಲ, ಬೆಳಕು ತಾಗಬೇಕು. ಜಾಲರಿ ಮೂತಿಯ ಪೂವಾಲಿಯಲ್ಲಿ ನೀರು ಹಾಕಿದರೆ ಎಲ್ಲವೂ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ. ಔಷಧಿ ಹೊಡೆಯುವ ಪಂಪಿನಿಂದ ಮಂಜಿನ ಹಾಗೆ ಬಿಡಬೇಕು. ಮೊದಲ ವರ್ಷಗಳಲ್ಲಿ ಮೊಳಕೆ ಚೆನ್ನಾಗಿಯೇ ಬಂತು. ಎರಡೆಲೆಯ ಹಂತದಲ್ಲಿ ಬುಡಕೊಳೆ ತಗುಲಿ ವಾರದೊಳಗೆ ಮಡಿಗೆ ಮಡಿಯೇ ಮಲಗಿತು. ಬೋರ್ಡೋ ದ್ರಾವಣ ಒಂದಷ್ಟು ತಡೆಯಿತು. ನಿಜವಾಗಿ ತಡೆದದ್ದು ಮಡಿಯ ಮೇಲ್ಪದರಕ್ಕೆ ನಾನು ಹಾಕುವ ಒಂದು ಮಿಶ್ರಣ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಸುಣ್ಣ ಇಲ್ಲ ಎಂದಷ್ಟೇ ಹೇಳುತ್ತೇನೆ. ಹುಳಿ ಮಣ್ಣಿನ ಮರ ಇದು, ಸುಣ್ಣ ಕಂಡ ಪಾತಿಯಲ್ಲಿ ಸೊರಗುತ್ತದೆ.

ಇಂಥ ಹೊಟ್ಟಿಗಾಗಿಯೇ ಬೊಲಿವಿಯಾದ ಮಾನ್ಯುಯೆಲ್ ಇಂಕ್ರಾ ಮಮಾನಿ ಸತ್ತ. ಚಾರ್ಲ್ಸ್ ಲೆಡ್ಜರ್ ಎಂಬ ಇಂಗ್ಲಿಷ್ ವ್ಯಾಪಾರಿಗಾಗಿ ಕಾಡು ಅಲೆದು ಬೀಜ ಆರಿಸಿದವನು ಅವನು. ಬೀಜ 1865ರಲ್ಲಿ ಲಂಡನ್ನಿಗೆ ಹೋಯಿತು. ಬ್ರಿಟಿಷ್ ಸರ್ಕಾರ ಬೇಡವೆಂದಿತು. ಡಚ್ಚರು ಸುಮಾರು ಒಂದು ಪೌಂಡ್ ಬೀಜ ಕೊಂಡು ಜಾವಾಕ್ಕೆ ಒಯ್ದರು. ಮತ್ತೆ ಬೀಜಕ್ಕೆ ಹೋದ ಮಮಾನಿಯನ್ನು ಹಿಡಿದು, ಸೆರೆಮನೆಯಲ್ಲಿ ಹೊಡೆದರು. ಆ ಪೆಟ್ಟಿನಿಂದ ಅವನು ಚೇತರಿಸಿಕೊಳ್ಳಲಿಲ್ಲ. ಮರಕ್ಕೆ ಉಳಿದದ್ದು ಲೆಡ್ಜರನ ಹೆಸರು. ತೋಟದ ಲೆಕ್ಕ ಬರೆಯುವ ನನ್ನ ರೈಟರ್ ಲೆಡ್ಜೆರಿಯಾನಾ ಸಾಲನ್ನು ‘ಮಮಾನಿ ಸಾಲು’ ಎಂದೇ ಪುಸ್ತಕದಲ್ಲಿ ಬರೆಯುತ್ತಾನೆ. ಹಾಗೆಂದು ನಾನೇ ಹೇಳಿದ್ದು.

ಹಣದ ಮಾತಿಗೆ ಬರುತ್ತೇನೆ. ನೆರಳು ಬಲೆ, ಉತ್ತರ ಬಂಗಾಳದ ಬೆಟ್ಟಗಳಿಂದ ತರಿಸಿದ ಬೀಜ, ಆಳಿನ ಕೂಲಿ ಎಲ್ಲ ಸೇರಿ ಮೊದಲ ನಾಲ್ಕೈದು ವರ್ಷದಲ್ಲಿ ಎರಡು ಲಕ್ಷದ ಹತ್ತಿರ ಹೋಯಿತು. ಆ ದುಡ್ಡಿಗೆ ಕಾಳುಮೆಣಸು ಹಬ್ಬಿಸಬಹುದಿತ್ತು ಎಂದು ಮನೆಯಲ್ಲೂ ಮಾತು ಬಂತು. ತೋಟಕ್ಕೆ ಹಾಕಿದ ಮೊದಲ ತಂಡದ ಲೆಡ್ಜೆರಿಯಾನಾ ಜುಲೈ ಮಳೆಗೆ ಬೇರು ಕೊಳೆತು ಒಂದೊಂದಾಗಿ ಹೋದವು. ಬಸಿಗಾಲುವೆ ಆಳ ಮಾಡಿಸಿದರೂ ಉಳಿಯಲಿಲ್ಲ. ಪಕ್ಕದಲ್ಲೇ ಹಾಕಿದ ಕೆಂಪು ತೊಗಟೆಯ ಸಕ್ಸಿರುಬ್ರಾ ಮಾತ್ರ ಅಲುಗದೆ ನಿಂತಿತು.

ಉಪಾಯ ಹೊಳೆದದ್ದು ಅಲ್ಲಿ. ಜಾವಾದಲ್ಲಿ ಡಚ್ಚರು ಮಾಡಿದ್ದೂ ಇದೇ: ಸಕ್ಸಿರುಬ್ರಾ ಬುಡಕ್ಕೆ ಲೆಡ್ಜೆರಿಯಾನಾ ಕಸಿ. ಪೆನ್ಸಿಲ್ ದಪ್ಪದ ಬುಡ, ಎರಡು ಕಣ್ಣಿನ ಕುಡಿ, ಸೀಳು ಕಸಿ. ಕುಡಿ ಕತ್ತರಿಸುವ ಹೊತ್ತು ಯಾವುದು ಎಂಬುದು ನನ್ನ ಬಳಿಯೇ ಇರಲಿ. ಗಿಡವನ್ನು ಗುಂಡಿಯಲ್ಲಿ ನೆಡುವುದನ್ನೂ ನಿಲ್ಲಿಸಿದೆ. ಇಳಿಜಾರಿನಲ್ಲಿ ಮೊಣಕಾಲೆತ್ತರದ ದಿಬ್ಬ ಮಾಡಿ ಅದರ ನೆತ್ತಿಯಲ್ಲಿ ನೆಟ್ಟೆ. ಗೇಲಿ ಮಾಡಿದವರಿದ್ದರು. ಆ ವರ್ಷದ ಮಳೆ ನೂರಿಪ್ಪತ್ತು ಇಂಚು ದಾಟಿತು. ಹತ್ತರಲ್ಲಿ ಎಂಟು ಕಸಿ ಬದುಕಿದವು. ಬೇರೆ ಯಾರ ತೋಟದಲ್ಲೂ ಇಷ್ಟು ಉಳಿದದ್ದನ್ನು ನಾನು ನೋಡಿಲ್ಲ.

ಈ ಕಸಿಯ ಚಾಕುವೇ ಒಂದು ಯುದ್ಧದ ಗತಿಯನ್ನು ಕದಲಿಸಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಜಗತ್ತಿನ ಕ್ವಿನೈನಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಜಾವಾದ್ದು. 1942ರ ಮಾರ್ಚ್‌ನಲ್ಲಿ ಜಪಾನ್ ಜಾವಾ ಹಿಡಿದಾಗ ಮಿತ್ರಪಡೆಗಳಿಗೆ ಕ್ವಿನೈನ್ ಬರುವ ದಾರಿ ಬಹುಪಾಲು ಮುಚ್ಚಿತು. 1943ರಲ್ಲಿ ಬರ್ಮಾ ಗಡಿಯಲ್ಲಿ ಗಾಯಗೊಂಡು ಹಿಂದಕ್ಕೆ ಹೋದ ಒಬ್ಬ ಸೈನಿಕನಿಗೆ ಕಾಯಿಲೆಯಿಂದ ಹೋದವರು ನೂರಿಪ್ಪತ್ತು ಮಂದಿ. ಕ್ವಿನೈನಿನ ಬದಲಿಗೆ ಕೊಡುತ್ತಿದ್ದ ಮೆಪಾಕ್ರಿನ್ ಮಾತ್ರೆಯನ್ನು ಪ್ರತಿಯೊಬ್ಬನೂ ನುಂಗುವಂತೆ ನೋಡಿಕೊಳ್ಳದ ಮೂವರು ಕಮಾಂಡಿಂಗ್ ಅಧಿಕಾರಿಗಳನ್ನು ಅಲ್ಲಿನ ಬ್ರಿಟಿಷ್ ಸೇನಾಪತಿ ಜನರಲ್ ಸ್ಲಿಮ್ ಕೆಲಸದಿಂದಲೇ ಕಿತ್ತುಹಾಕಿದರು. ಇತಿಹಾಸ ಬರೆಯುವವರು ಸೇನಾಪತಿಗಳನ್ನೂ ರಸಾಯನ ವಿಜ್ಞಾನಿಗಳನ್ನೂ ಹೊಗಳುತ್ತಾರೆ. ಸಾಮ್ರಾಜ್ಯಗಳ ಅಳತೆ ಗೊತ್ತಾದದ್ದು ಮಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಸಿ ಕಟ್ಟಿದವರ ಕೈಯಲ್ಲಿ ಎಂಬುದು ನನ್ನ ಗಟ್ಟಿ ನಂಬಿಕೆ.

ನಡುವೆ ಊಟಿಯ ಮೆಕೈವರ್ ವಿಧಾನವನ್ನೂ ಪರೀಕ್ಷಿಸಿದೆ. ನೀಲಗಿರಿಯ ಸರ್ಕಾರಿ ಸಿಂಕೋನಾ ತೋಟ ನೋಡಿಕೊಳ್ಳುತ್ತಿದ್ದ ಅವನು 1860ರ ದಶಕದಲ್ಲಿ ಮರ ಕಡಿಯದೆ ತೊಗಟೆಯ ಪಟ್ಟಿಗಳನ್ನಷ್ಟೇ ಸುಲಿದು, ಆ ಜಾಗಕ್ಕೆ ಪಾಚಿ ಸುತ್ತಿಸುತ್ತಿದ್ದ. ಮತ್ತೆ ಬೆಳೆದ ತೊಗಟೆಯಲ್ಲಿ ಕ್ವಿನೈನ್ ಇನ್ನೂ ಹೆಚ್ಚು. ನಾನು ಹತ್ತಾರು ಮರಕ್ಕೆ ಸುತ್ತಿಸಿದೆ. ಮಳೆಗಾಲದಲ್ಲಿ ಪಾಚಿ ಹಸಿರಾಗಿಯೇ ಇತ್ತು. ಬೇಸಿಗೆಗೆ ಇರುವೆ ಗೂಡು ಕಟ್ಟಿತು. ಎರಡು ಮರದಲ್ಲಿ ಮಾತ್ರ ಹೊಸ ತೊಗಟೆ ಕೂಡಿಕೊಂಡಿತು. ಈಗ ಪಾಚಿಯ ಬದಲು ಬೇರೊಂದನ್ನು ಸುತ್ತಿದ್ದೇನೆ, ಇರುವೆ ಹತ್ತಿರ ಸುಳಿದಿಲ್ಲ.

ತೊಗಟೆಯಲ್ಲಿ ಕ್ವಿನೈನ್ ಇದೆಯೇ ಎಂದು ನೋಡಲು ಪ್ರಯೋಗಾಲಯಕ್ಕೆ ಕಳಿಸಿದರೆ ಒಂದೊಂದು ಮಾದರಿಗೂ ಸಾವಿರಗಟ್ಟಲೆ ರೂಪಾಯಿ. ನಾನು ಒಣ ತೊಗಟೆಯನ್ನು ಪುಡಿ ಮಾಡಿ, ನಿಂಬೆರಸ ಹಿಂಡಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ತಿಳಿ ಮಾಡಿ ಗಾಜಿನ ಲೋಟಕ್ಕೆ ಹಾಕುತ್ತೇನೆ. ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಬಿಟ್ಟರೆ ನೀರು ತಿಳಿನೀಲಿಯಾಗಿ ಬೆಳಗುತ್ತದೆ. ಈ ನೀಲಿಯನ್ನು 1845ರಲ್ಲೇ ಜಾನ್ ಹರ್ಷೆಲ್ ಗುರುತಿಸಿದ್ದರು. ಕಸಿ ಮರದ ಲೋಟ ಎಷ್ಟು ಉಜ್ವಲ, ಸಕ್ಸಿರುಬ್ರಾದ್ದು ಎಷ್ಟು ಮಂಕು ಎಂಬುದು ಕಣ್ಣಿಗೇ ಕಾಣುತ್ತದೆ. ಶೇಕಡಾವಾರು ಲೆಕ್ಕ ಇದರಿಂದ ಸಿಗುವುದಿಲ್ಲ, ಯಾವ ಮರದಿಂದ ಕುಡಿ ತೆಗೆಯಬೇಕೆಂದು ಆರಿಸಲು ಧಾರಾಳ ಸಾಕು. ಆ ನೀರನ್ನು ಜ್ವರಕ್ಕೆಂದು ಯಾರೂ ಕುಡಿಯಬೇಡಿ. ಪ್ರಮಾಣ ತಪ್ಪಿದರೆ ಕಿವಿ, ಹೃದಯ ಎರಡಕ್ಕೂ ಕೇಡು.

ತೊಗಟೆ ಮಾರಿ ಬಂದ ದುಡ್ಡು ಇನ್ನೂ ಕೈಗೆ ಹತ್ತಿಲ್ಲ. ಆದರೆ ಸಕ್ಸಿರುಬ್ರಾ ಸಸಿಗಳು ಔಷಧಿ ವನ ಮಾಡುವವರಿಗೆ ಚೀಲದ ಸಸಿ ಒಂದಕ್ಕೆ ಅರವತ್ತು–ಎಪ್ಪತ್ತು ರೂಪಾಯಿಯಂತೆ ಹೋಗುತ್ತಿವೆ. ಹೋದ ವರ್ಷ ನರ್ಸರಿಯ ಖರ್ಚು ಹುಟ್ಟಿ ಸ್ವಲ್ಪ ಮಿಕ್ಕಿತು. ಗೇಲಿ ಮಾಡಿದ ಮೇಲಿನ ತೋಟದವರೇ ಐವತ್ತು ಸಸಿ ಒಯ್ದರು. ಅವರ ಕಣ್ಣಿರುವುದು ಕಸಿ ಗಿಡದ ಮೇಲೆ. ಮಮಾನಿ ಸಾಲಿನ ಕುಡಿ ಇನ್ನೆರಡು ಮಳೆಗಾಲ ಕಳೆಯುವವರೆಗೆ ಯಾರಿಗೂ ಕೊಡುವುದಿಲ್ಲ.