ಜೊಂಡು ಕೀಳುವ ಮೊದಲು: ಕೆರೆ ಪುನಶ್ಚೇತನದಲ್ಲಿ ನನ್ನ ಅನುಭವ

ಕೆರೆಯೊಂದರ ಪುನಶ್ಚೇತನ ಯೋಜನೆಯನ್ನು ಸಿದ್ಧಪಡಿಸುವ ತಂಡದಲ್ಲಿ, ಅದನ್ನು ಬಳಸುವ ಜನರು ಅಲ್ಲಿ ಯಾವುದಕ್ಕೆ ಬೆಲೆ ಕೊಡುತ್ತಾರೆ ಎಂಬುದನ್ನು ತಿಳಿಯುವ ಹೊಣೆ ನನ್ನದಾಗಿತ್ತು. ನೀರಿನ ಗುಣಮಟ್ಟ, ಹೂಳಿನ ಆಳ, ಹಕ್ಕಿಗಳ ಎಣಿಕೆ ಇವುಗಳನ್ನು ಅಳೆಯಲು ಬಲ್ಲವರಿದ್ದರು. ನನ್ನ ಪಾಲಿನ ಕೆಲಸಕ್ಕೆ ಒಂದು ಸಭೆ ಮತ್ತು ಒಂದು ಪ್ರಶ್ನಾವಳಿ ಸಾಕೆಂದು ನಾನೂ ಸೇರಿ ಎಲ್ಲರೂ ಭಾವಿಸಿದ್ದೆವು.

ಸಭೆ ತೀರಾ ಸುಗಮವಾಗಿ ನಡೆದದ್ದೇ ಅದರ ದೋಷ. ದಡಕ್ಕೆ ವಾಯುವಿಹಾರಕ್ಕೆ ಬರುವವರು ಮತ್ತು ಸುತ್ತಲಿನ ಮನೆಗಳವರು ಮುಂದಿನ ಸಾಲಿನಲ್ಲಿ ಕುಳಿತು, ತಿಳಿಯಾದ ನೀರು, ಜೊಂಡಿಲ್ಲದ ಅಂಚು ಮತ್ತು ಕೆರೆಯ ಸುತ್ತ ನಡೆಯಲು ದಾರಿ ಬೇಕೆಂದರು. ಯಾರೂ ವಿರೋಧಿಸಲಿಲ್ಲ. ಮೀನು ಹಿಡಿಯುವವರು ಹಿಂದೆ ನಿಂತು ಕೇಳಿಸಿಕೊಂಡು ಹೊರಟುಹೋದರು. ದನ ಮೇಯಿಸುವವರು ಮತ್ತು ಜೊಂಡು ಕೊಯ್ದು ಚಾಪೆ ಹೆಣೆಯುವ ಹೆಂಗಸರು ಬಂದೇ ಇರಲಿಲ್ಲ, ಏಕೆಂದರೆ ನಾವು ಗೊತ್ತುಪಡಿಸಿದ್ದು ಅವರ ದುಡಿಮೆಯ ಹೊತ್ತನ್ನೇ. ಪ್ರಶ್ನಾವಳಿಯಲ್ಲಿ, ಈ ಕೆರೆಯನ್ನು ಉಳಿಸಲು ವರ್ಷಕ್ಕೆ ಎಷ್ಟು ಹಣ ಕೊಡುವಿರಿ ಎಂದು ಕೇಳಿದ್ದೆ. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ್ದರ ಮೌಲ್ಯವನ್ನು ಅಂದಾಜಿಸಲು ಅರ್ಥಶಾಸ್ತ್ರಜ್ಞರು ಬಳಸುವ ವಿಧಾನವದು. ಆದರೆ ಹಣವುಳ್ಳವರ ಉತ್ತರ ದೊಡ್ಡದಾಗಿಯೂ ಇಲ್ಲದವರ ಉತ್ತರ ಚಿಕ್ಕದಾಗಿಯೂ ಬರುವುದು ಅದರೊಳಗೇ ಅಡಗಿರುವ ತೊಡಕು. ‘ನಾವು ದುಡಿಯುವ ಜಾಗಕ್ಕೆ ನಾವೇ ದುಡ್ಡು ಕೊಡಬೇಕಾ?’ ಎಂದು ಮೀನುಗಾರರೊಬ್ಬರು ಹಾಳೆಯನ್ನು ಹಿಂದಿರುಗಿಸಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಎರಡನೆಯ ಸುತ್ತಿನಲ್ಲಿ ಪ್ರತಿ ಗುಂಪನ್ನೂ ಪ್ರತ್ಯೇಕವಾಗಿ, ಅವರ ಬಿಡುವಿನಲ್ಲಿ, ಕೆರೆಯಂಚಿನಲ್ಲಿ ನಡೆಯುತ್ತಲೇ ಮಾತನಾಡಿಸಿದೆ. ಬಳಿಕ ಆಳದ ನೀರು, ಜೊಂಡು, ಕೆಸರಿನ ಅಂಚು, ಹುಲ್ಲು, ದಡದ ಮರಗಳು ಇವುಗಳ ಚಿತ್ರಗಳನ್ನು ನೆಲದ ಮೇಲೆ ಹರಡಿ, 100 ಬೆಣಚುಕಲ್ಲುಗಳನ್ನು ಕೊಟ್ಟು, ಮುಖ್ಯವೆನಿಸಿದಷ್ಟು ಹಂಚಿರೆಂದೆ. ಕಾಡಂಚಿನ ಸಮುದಾಯಗಳೊಂದಿಗೆ ಕೆಲಸ ಮಾಡುವ ಸಂಶೋಧಕರು ಬಳಸುವ ಕ್ರಮವಿದು. ಕೊನೆಗೆ ಎಣಿಸಿದ ಕಲ್ಲುಗಳಿಗಿಂತ, ಒಂದು ಚಿತ್ರದಿಂದ ಇನ್ನೊಂದಕ್ಕೆ ಕಲ್ಲನ್ನು ಸರಿಸುವಾಗ ಅವರವರಲ್ಲೇ ನಡೆದ ವಾದ ನನಗೆ ಹೆಚ್ಚು ಉಪಯೋಗಕ್ಕೆ ಬಂತು.

ಭಿನ್ನಾಭಿಪ್ರಾಯವೆಲ್ಲ ಬಂದು ಸೇರಿದ್ದು ಜೊಂಡಿನಲ್ಲಿ. ವಾಯುವಿಹಾರಿಗಳಿಗೆ ಅದು ಸೊಳ್ಳೆ ಮತ್ತು ಹಾವುಗಳ ತಾಣ. ಅವರು ಒಂದು ಕಲ್ಲನ್ನೂ ಇಡಲಿಲ್ಲ. ಚಾಪೆ ಹೆಣೆಯುವವರು ಅರ್ಧಕ್ಕಿಂತ ಹೆಚ್ಚು ಕಲ್ಲುಗಳನ್ನು ಅಲ್ಲಿಗೇ ಸುರಿದರು, ಜೊತೆಗೆ ಕೊಯ್ಯದೆ ಬಿಟ್ಟ ಜೊಂಡು ಕೊಳೆತು ನೀರನ್ನೇ ಕೆಡಿಸುತ್ತದೆ ಎಂದರು. ಜೊಂಡು ಹೀರಿಕೊಂಡ ಪೋಷಕಾಂಶಗಳು ಕೊಳೆತಾಗ ಮತ್ತೆ ನೀರಿಗೇ ಸೇರುತ್ತವೆ ಎಂದು ನಮ್ಮ ತಜ್ಞರೂ ಅದನ್ನು ಒಪ್ಪಿದರು. ಬುಡದಲ್ಲಿ ಮೀನು ಮೊಟ್ಟೆಯಿಡುತ್ತದೆ, ಆದರೆ ಮಿತಿಮೀರಿದರೆ ದೋಣಿ ಸಾಗದು ಎಂಬುದು ಮೀನುಗಾರರ ಮಾತು. ಪಕ್ಷಿವೀಕ್ಷಕರು ಜೊಂಡು ಉಳಿಯಲಿ, ದನಗಳು ಮಾತ್ರ ಬೇಡ ಎಂದರು. ದನಗಾಹಿಗಳೋ, ದನ ತುಳಿದ ಕಡೆಯೇ ಕೆಸರು ತೆರೆದುಕೊಂಡಿರುತ್ತದೆ, ಉದ್ದ ಕಾಲಿನ ಹಕ್ಕಿಗಳು ಇಳಿಯುವುದೂ ಅಲ್ಲೇ ಎಂದು ಬೆರಳು ಮಾಡಿ ತೋರಿಸಿದರು. ರಾಜಸ್ಥಾನದ ಭರತ್‌ಪುರದಲ್ಲಿರುವ, ಹಕ್ಕಿಗಳಿಗೆ ಹೆಸರಾದ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ 1982ರಲ್ಲಿ ಮೇಯಿಸುವುದನ್ನು ನಿಷೇಧಿಸಿದ ಮೇಲೆ ಹುಲ್ಲು ದಟ್ಟವಾಗಿ ಬೆಳೆದು ನೀರನ್ನು ಆವರಿಸಿ, ಹಲವು ನೀರುಹಕ್ಕಿಗಳಿಗೆ ತೊಂದರೆಯಾದದ್ದು ನನಗೆ ನೆನಪಾದದ್ದು ಆಗ. ಯೋಜನೆ ಬರೆಯಲು ಕುಳಿತ ದಿನವೇ ನೆನಪಾಗಬೇಕಿತ್ತು.

ಜೀವವೈವಿಧ್ಯದ ಕುರಿತ ಅಂತರಸರ್ಕಾರಿ ವೇದಿಕೆಯಾದ ಐಪಿಬಿಇಎಸ್, 2022ರ ತನ್ನ ವರದಿಯಲ್ಲಿ ಉಪಯುಕ್ತತೆಯ ಮೌಲ್ಯ, ನಿಸರ್ಗಕ್ಕೆ ತನ್ನಷ್ಟಕ್ಕೇ ಇರುವ ಮೌಲ್ಯ, ಮನುಷ್ಯನಿಗೂ ನಿಸರ್ಗಕ್ಕೂ ನಡುವಿನ ಸಂಬಂಧದ ಮೌಲ್ಯ ಎಂದು ಮೂರನ್ನು ಗುರುತಿಸಿದೆ. ನನ್ನ ಪ್ರಶ್ನಾವಳಿಯಲ್ಲಿ ಮೊದಲನೆಯದಕ್ಕೆ ಮಾತ್ರ ಜಾಗವಿತ್ತು. ಆದರೆ ಯಾವ ಗುಂಪೂ ಒಂದೇ ಮೌಲ್ಯಕ್ಕೆ ಅಂಟಿಕೊಂಡಿರಲಿಲ್ಲ; ಮೀನು ಮಾರಿ ಬದುಕುವವರೇ, ಯಾವ ಲಾಭವೂ ಇಲ್ಲದ ಒಂದು ಹಳೆಯ ಮರಕ್ಕೆ ಕಲ್ಲುಗಳನ್ನಿಟ್ಟರು.

ಕೆರೆಯನ್ನು ಯಾವ ಕಾಲದ ಸ್ಥಿತಿಗೆ ಮರಳಿಸಬೇಕೆಂಬುದರಲ್ಲೂ ಒಮ್ಮತವಿರಲಿಲ್ಲ. ಪ್ರತಿ ತಲೆಮಾರೂ ತಾನು ಮೊದಲು ಕಂಡ ಸ್ಥಿತಿಯನ್ನೇ ಸಹಜವೆಂದು ಎಣಿಸುತ್ತದೆ ಎಂದು ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಬರೆದದ್ದು ಇಲ್ಲಿಯೂ ನಿಜವಾಗಿತ್ತು.

ಅಂತಿಮ ಯೋಜನೆಯಲ್ಲಿ ಕೆರೆಯನ್ನೆಲ್ಲ ಒಂದೇ ಆಳಕ್ಕೆ ತೋಡುವುದನ್ನು ಕೈಬಿಟ್ಟು, ಎರಡು ಬದಿಗಳಲ್ಲಿ ಇಳಿಜಾರಿನ ಅಂಚನ್ನು ಉಳಿಸಿಕೊಂಡೆವು. ಜೊಂಡನ್ನು ಪಟ್ಟಿಗಳಾಗಿ ವಿಂಗಡಿಸಿ ಸರದಿಯಂತೆ ಕೊಯ್ಯಬೇಕು, ಹಕ್ಕಿಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ಕೊಯ್ಲೂ ಮೇಯಿಸುವಿಕೆಯೂ ನಿಲ್ಲಬೇಕು ಎಂಬ ಏರ್ಪಾಡನ್ನು ಚಾಪೆಯವರು, ದನಗಾಹಿಗಳು ಮತ್ತು ಪಕ್ಷಿವೀಕ್ಷಕರು ಒಟ್ಟಿಗೆ ಕುಳಿತು ಗೊತ್ತುಮಾಡಿದರು. ನಡೆಯುವ ದಾರಿ ಕೆರೆಯನ್ನು ಪೂರ್ತಿ ಸುತ್ತುವುದಿಲ್ಲ. ಜೊಂಡಿನ ಬಳಿ ನಿಲ್ಲುತ್ತದೆ. ವಾಯುವಿಹಾರಿಗಳು ಇದನ್ನು ಒಪ್ಪಿಲ್ಲ, ಅವರ ಲಿಖಿತ ಆಕ್ಷೇಪವನ್ನು ಯೋಜನೆಯ ಅನುಬಂಧದಲ್ಲಿ ಒಂದಕ್ಷರವೂ ತಿದ್ದದೆ ಸೇರಿಸಿದ್ದೇನೆ.