‘ಅರ್ಥ ಮಾಡಿಕೊಳ್ಳುತ್ತಾರೆ’ ಅಂತ ಬರೆದರೆ ಅಳೆಯೋದು ಹೇಗೆ?

ನಮ್ಮ ಪದವಿ ಕೋರ್ಸಿಗೆ ಕಲಿಕೆಯ ಮೌಲ್ಯಮಾಪನದ ಯೋಜನೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಎರಡು ಮೀಟಿಂಗ್ ಪದಗಳ ಗೊಂದಲದಲ್ಲೇ ಮುಗಿದವು. ಅಸೆಸ್‌ಮೆಂಟ್ ಅಂದರೆ ಒಬ್ಬರಿಗೆ ಪರೀಕ್ಷೆ, ಇನ್ನೊಬ್ಬರಿಗೆ ಕೊನೆಯಲ್ಲಿ ತುಂಬಿಸುವ ಫೀಡ್‌ಬ್ಯಾಕ್ ಫಾರಂ.

ಮೊದಲು ಕಲಿಕಾ ಫಲಿತಾಂಶ, ಅಂದರೆ ಕೋರ್ಸ್ ಮುಗಿಸಿದ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು ಅನ್ನೋದು. ‘ಸಂಶೋಧನಾ ವಿಧಾನಗಳನ್ನು ಅರ್ಥ ಮಾಡಿಕೊಳ್ಳುತ್ತಾರೆ’ ಎಂದು ಬರೆದಿದ್ದೆವು. ಅರ್ಥ ಆಗಿದ್ದು ಕಣ್ಣಿಗೆ ಕಾಣಲ್ಲ, ಅಲ್ವಾ? ‘ಪ್ರಶ್ನೆಗೆ ತಕ್ಕ ವಿಧಾನ ಆರಿಸಿ, ಅದರ ಮಿತಿ ವಿವರಿಸುತ್ತಾರೆ’ ಎಂದು ಬದಲಿಸಿದೆವು. ಶಿಕ್ಷಣ ಮನೋವಿಜ್ಞಾನಿ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಮಾಡಿದ ಕಲಿಕೆಯ ಗುರಿಗಳ ವರ್ಗೀಕರಣವನ್ನು 2001ರಲ್ಲಿ ಪರಿಷ್ಕರಿಸಿದಾಗ ನಾಮಪದಗಳ ಜಾಗಕ್ಕೆ ಕ್ರಿಯಾಪದ ಬಂದಿದ್ದು ಯಾಕೆ ಅಂತ ನನಗೆ ಆಗ ಹೊಳೆಯಿತು.

ಆಮೇಲೆ ಪುರಾವೆ. ಸರ್ವೆಯಲ್ಲಿ ಹೆಚ್ಚಿನವರು ‘ನನಗೆ ಚೆನ್ನಾಗಿ ಬರುತ್ತೆ’ ಅಂದಿದ್ದರು. ಅದು ಪರೋಕ್ಷ ಪುರಾವೆ, ಅವರ ಅನಿಸಿಕೆ ಅಷ್ಟೇ. ಪ್ರಾಜೆಕ್ಟ್ ವರದಿ ನೇರ ಪುರಾವೆ. ಅಂಕ ಇದೆಯಲ್ಲ ಅಂದರೆ, ಒಟ್ಟು ಅಂಕದಲ್ಲಿ ಹಾಜರಾತಿ, ಭಾಷೆ, ಸಮಯಕ್ಕೆ ಕೊಟ್ಟಿದ್ದು ಎಲ್ಲ ಕಲಸಿಹೋಗಿರುತ್ತೆ, ಎಲ್ಲಿ ಎಡವಿದ್ದಾರೆ ಅನ್ನೋದು ಅದರಿಂದ ಗೊತ್ತಾಗಲ್ಲ.

ಜಾಸ್ತಿ ಕಲಿತಿದ್ದು ರೂಬ್ರಿಕ್‌ನಿಂದ, ಅಂದರೆ ಯಾವ ಮಟ್ಟದ ಕೆಲಸಕ್ಕೆ ಎಷ್ಟು ಅಂಕ ಎಂದು ಬರೆದಿಟ್ಟ ಪಟ್ಟಿಯಿಂದ. ಮೂವರು ಒಂದೇ ವರದಿಯನ್ನು ಬೇರೆ ಬೇರೆ ಕೂತು ಓದಿದೆವು. ನಾನು 4 ಕೊಟ್ಟಿದ್ದೆ, ಇನ್ನೊಬ್ಬರು 3, ಮತ್ತೊಬ್ಬರು 2. ನಮ್ಮ ರೂಬ್ರಿಕ್‌ನಲ್ಲಿ ‘ಸಾಕಷ್ಟು ವಿವರಣೆ’ ಅಂತಿತ್ತು, ಆ ‘ಸಾಕಷ್ಟು’ ಒಬ್ಬೊಬ್ಬರಿಗೆ ಒಂದೊಂದು. ಅದನ್ನು ಹೊಡೆದು ಹಾಕಿ, ‘ವಿಧಾನದ ಒಂದು ಮಿತಿಯನ್ನಾದರೂ ಹೇಳಿ, ಅದರಿಂದ ತೀರ್ಮಾನಕ್ಕೆ ಏನಾಗುತ್ತೆ ಎಂದು ಬರೆದಿದ್ದರೆ 3’ ಎಂದು ಬರೆದೆವು. ಇದಕ್ಕೇ ಕ್ಯಾಲಿಬ್ರೇಷನ್ ಅನ್ನೋದು. ಇದನ್ನು ಬಿಟ್ಟು ನೂರು ವರದಿ ಓದಿದರೂ ಸುಮ್ನೆ ಶ್ರಮ.

ಮತ್ತೆ ಓದಿದಾಗ ಬಹಳಷ್ಟು ವರದಿಗಳು ಮಿತಿಯ ಬಗ್ಗೆಯೇ ಸೋತಿದ್ದವು. ಯಾವ ಕೋರ್ಸಿನಲ್ಲಿ ಏನು ಕಲಿಸುತ್ತೇವೆ ಎಂಬ ಪಠ್ಯಕ್ರಮ ನಕ್ಷೆ ತೆಗೆದು ನೋಡಿದರೆ ಆ ಸಾಲು ಖಾಲಿ! ಕೊನೆಯ ವರ್ಷದ ಪ್ರಾಜೆಕ್ಟ್‌ವರೆಗೂ ಯಾರೂ ಅದನ್ನು ಕಲಿಸಿರಲಿಲ್ಲ. ತಪ್ಪು ಹುಡುಗರದ್ದಲ್ಲ, ನಮ್ಮದು.

ಈಗ ಎರಡನೇ ವರ್ಷದಲ್ಲಿ ಒಂದು ಪುಟದ ಅಭ್ಯಾಸ ಇಟ್ಟಿದ್ದೇವೆ. ಅಂಕ ಇಲ್ಲ, ಅಂಚಿನಲ್ಲಿ ಟಿಪ್ಪಣಿ ಮಾತ್ರ, ತಿದ್ದಿ ಮತ್ತೆ ಕೊಡಬಹುದು. ಮೌಲ್ಯಮಾಪನದ ತಜ್ಞ ಮೈಕೆಲ್ ಸ್ಕ್ರಿವೆನ್ 1967ರಲ್ಲಿ ಬೇರ್ಪಡಿಸಿ ಹೆಸರಿಟ್ಟ ಎರಡು ಬಗೆಯ ಮೌಲ್ಯಮಾಪನದಲ್ಲಿ ಇದು ಫಾರ್ಮೇಟಿವ್ (ಕಲಿಯುವಾಗಲೇ ತಿದ್ದಿಕೊಳ್ಳಲು), ಕೊನೆಯ ಪ್ರಾಜೆಕ್ಟ್ ಸಮ್ಮೇಟಿವ್ (ಕೊನೆಗೆ ಎಷ್ಟು ಬಂತು ಎಂದು ನೋಡಲು). ಆ ಬ್ಯಾಚ್ ಕೊನೆಯ ವರ್ಷಕ್ಕೆ ಬಂದಾಗ ಅದೇ ರೂಬ್ರಿಕ್ ಹಿಡಿದು ಅವರ ವರದಿ ಓದುತ್ತೇವೆ.